ವಾರ ವಾರ ಮನೆಗೆ ಹೋಗುವ ಕೆಲಸ

ನನ್ನ ಗೆಳತಿಯೊಬ್ಬಳು ಬಡತನ ನೀಗಿಸುವ ಸಂಸ್ಥೆಯೊಂದರಲ್ಲಿ ವರ್ಷಗಳಿಂದ ದುಡಿಯುತ್ತಿದ್ದಾಳೆ. "ಎಂಥ ಪುಣ್ಯದ ಕೆಲಸ!" ಅಂತ ಯಾರಾದರೂ ಹೊಗಳಿದರೆ ಅವಳಿಗೆ ರೇಗುತ್ತದೆ. "ಪುಣ್ಯ ಗಿಣ್ಯ ಏನಿಲ್ಲ ಕಣೇ, ಸಂಬಳ ತಗೊಂಡು ಮಾಡೋ ಕೆಲಸ. ಅದರಿಂದ ಆ ಮನೆಯವರಿಗೆ ಏನಾದ್ರೂ ಆಯ್ತಾ ಅಂತ ಕೇಳು" ಅನ್ನುತ್ತಾಳೆ.

ನನಗೆ ಸ್ಫೂರ್ತಿ ಅನ್ನಿಸಿದ್ದು ಈ ರೇಗಾಟವೇ.

ಅವಳು ಮಾಡುವ ಕೆಲಸದ ದಾರಿಯನ್ನು 2002ರಲ್ಲಿ ಶುರು ಮಾಡಿದ್ದು ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ. ಕಿರುಸಾಲ ಕೊಟ್ಟರೆ ಬಡವರು ಮೇಲೆ ಬರುತ್ತಾರೆ ಅನ್ನುವ ನಂಬಿಕೆ ಆಗ ಜೋರಾಗಿತ್ತು. ಆದರೆ ತೀರಾ ಕೆಳಗಿದ್ದವರಿಗೆ ಆ ಸಾಲ ತಲುಪುತ್ತಲೇ ಇರಲಿಲ್ಲ. ನಾಳೆಯ ಊಟಕ್ಕೇ ಗತಿ ಇಲ್ಲದವರು ಕಂತು ಎಲ್ಲಿಂದ ಕಟ್ಟಬೇಕು? ಹಾಗಾಗಿ ಬ್ರ್ಯಾಕ್ ಬೇರೆ ದಾರಿ ಹಿಡಿಯಿತು. ಆಡೋ, ಹಸುವೋ, ಸಣ್ಣ ವ್ಯಾಪಾರಕ್ಕೆ ಸಾಮಾನೋ, ದುಡಿಮೆಗೆ ಒಂದು ಆಧಾರವನ್ನು ಪುಕ್ಕಟೆ ಕೊಡುವುದು. ಅದರಿಂದ ಆದಾಯ ಬರುವ ತನಕ ಹೊಟ್ಟೆಬಟ್ಟೆಗೆ ಸ್ವಲ್ಪ ಹಣ. ಜತೆಗೆ ತರಬೇತಿ, ಉಳಿತಾಯ. ಸುಮಾರು ಎರಡು ವರ್ಷ ಮತ್ತೆ ಮತ್ತೆ ಮನೆಗೆ ಹೋಗಿ ವಿಚಾರಿಸುವುದು. ಆಮೇಲೆ ಎಲ್ಲ ನಿಲ್ಲಿಸುವುದು.

ನಿಲ್ಲಿಸಿದ ಮೇಲೆ ಏನಾಗುತ್ತದೆ? ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು, ಈ ಆರು ದೇಶಗಳಲ್ಲಿ ಅದನ್ನೇ ಪರೀಕ್ಷೆ ಮಾಡಿ ನೋಡಿದರು. 2015ರಲ್ಲಿ ಫಲಿತಾಂಶ ಬಂತು. ಹತ್ತು ಸಾವಿರಕ್ಕೂ ಜಾಸ್ತಿ ಮನೆಗಳು. ಎಲ್ಲ ನೆರವು ನಿಂತು ಒಂದು ವರ್ಷ ಕಳೆದರೂ, ನೆರವು ಸಿಗದ ಮನೆಗಳಿಗಿಂತ ಇವರ ಊಟ, ಆದಾಯ, ಉಳಿತಾಯ ಒಟ್ಟಾರೆ ಚೆನ್ನಾಗಿಯೇ ಇತ್ತು.

ಬೇರೆಯವರಾದರೆ ಇಲ್ಲಿಗೆ ನಿಲ್ಲಿಸುತ್ತಿದ್ದರು. ನನ್ನ ಗೆಳತಿ ಮೊದಲು ಹೇಳುವುದೇ ಹೊಂಡುರಾಸ್ ಕಥೆ. ಅಲ್ಲಿ ತುಂಬಾ ಜನ ಕೋಳಿ ತಗೊಂಡರು. ರೋಗ ಬಂದು ಕೋಳಿಗಳು ಸತ್ತವು. ಯೋಜನೆಯ ಫಲ ಅಲ್ಲಿ ಅಷ್ಟಕ್ಕಷ್ಟೇ ಆಯಿತು. ಅದಕ್ಕೇ ಇವಳು ಯಾವ ಮನೆಗೆ ಹೋದರೂ ಪ್ರಾಣಿಗಳು ಹುಷಾರಾಗಿವೆಯಾ ಅಂತ ಮೊದಲು ವಿಚಾರಿಸುತ್ತಾಳೆ. ತನ್ನ ಕೆಲಸ ಎಲ್ಲಿ ಸೋಲಬಹುದು ಅಂತ ಇಷ್ಟು ಚೆನ್ನಾಗಿ ತಿಳಿದಿರುವ ಮನುಷ್ಯರನ್ನು ನಾನು ನೋಡಿದ್ದು ಕಮ್ಮಿ. ನಾವು ನಮ್ಮ ಆಫೀಸುಗಳಲ್ಲಿ ಗೆದ್ದದ್ದನ್ನು ಮಾತ್ರ ಸ್ಲೈಡಿಗೆ ಹಾಕುತ್ತೇವೆ, ಅಲ್ವಾ?

ಒಮ್ಮೆ ಸಂಸ್ಥೆ ಕೊಟ್ಟ ಆಡನ್ನೇ ಒಂದು ಮನೆಯವರು ಮಾರಿಬಿಟ್ಟರಂತೆ. "ನೋಡು, ಇವರಿಗೆ ಎಷ್ಟು ಕೊಟ್ಟರೂ ಅಷ್ಟೇ" ಅಂತ ಜತೆಯವರು ಗೊಣಗಿದರು. ಇವಳು ಹೋಗಿ ವಿಚಾರಿಸಿದಳು. ಮಗುವಿಗೆ ಜ್ವರ, ಕೈಯಲ್ಲಿ ಕಾಸಿಲ್ಲ. "ನಾನಾಗಿದ್ರೂ ಮಾರ್ತಿದ್ದೆ" ಅಂದಳು ನನ್ನ ಹತ್ತಿರ.

ಬಡವರಿಗೆ ದುಡ್ಡು ನಿಭಾಯಿಸೋಕೆ ಬರಲ್ಲ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಈ ಆಡು ನೆನಪಾಗುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ. ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ, ಬುದ್ಧಿ ಅಳೆಯುವ ಪರೀಕ್ಷೆ ಕೊಟ್ಟರು. ಕಟಾವಾಗಿ ದುಡ್ಡು ಬಂದ ಮೇಲೆ ಮತ್ತೆ ಕೊಟ್ಟರು. ಅದೇ ರೈತರು, ಅದೇ ತಲೆ. ಎರಡನೇ ಸಲ ಇನ್ನೂ ಚೆನ್ನಾಗಿ ಮಾಡಿದರು. ಅಭಾವದ ಚಿಂತೆ ತಲೆಯಲ್ಲಿ ಅಷ್ಟು ಜಾಗ ತಿನ್ನುತ್ತದೆ. ಸಂಬಳ ಒಂದನೇ ತಾರೀಕು ಬರುವ ನಮ್ಮಂಥವರು ತೀರ್ಪು ಕೊಡುವ ಮುಂಚೆ ಇಷ್ಟಾದರೂ ಯೋಚಿಸಬಹುದು.

ವಿಶ್ವಬ್ಯಾಂಕ್ 2025ರಲ್ಲಿ ಕಡುಬಡತನದ ಗೆರೆಯನ್ನು ದಿನಕ್ಕೆ 3 ಡಾಲರ್‌ಗೆ ಏರಿಸಿತು. ಅದರ ಕೆಳಗೆ ಸುಮಾರು 80 ಕೋಟಿ ಜನ. ಇಂಥ ಅಂಕಿ ಓದಿದರೆ ನನಗೆ ಕೈಕಾಲು ಆಡುವುದಿಲ್ಲ. ಅವಳಿಗೆ ಹಾಗಾಗುವುದಿಲ್ಲ. ಈ ವಾರ ಹೋಗಬೇಕಾದ ಮನೆಗಳ ಪಟ್ಟಿ ಅವಳ ಬ್ಯಾಗಿನಲ್ಲಿ ಇರುತ್ತದೆ, ಅಷ್ಟೇ. ಫೋಟೋ ಕೂಡ ತೆಗೆಯುವುದಿಲ್ಲ. (ಕೊಡುವಾಗ ಕ್ಯಾಮೆರಾ ಹಿಡಿಯುವ ನನ್ನ ಕೆಲವು ಸ್ನೇಹಿತರು ಇದನ್ನು ಓದಲಿ.)

ಎಲ್ಲದಕ್ಕೂ ನಾವು ಒಪ್ಪುತ್ತೇವೆ ಅಂತೇನಿಲ್ಲ. ಕೀನ್ಯಾದಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ ಮಾಡಿದ ಹಾಗೆ ಸುಮ್ನೆ ನೇರವಾಗಿ ಹಣ ಕೊಟ್ಟುಬಿಡಿ, ಏನು ಬೇಕೋ ಅವರೇ ನೋಡಿಕೊಳ್ಳುತ್ತಾರೆ ಅನ್ನುವುದು ನನ್ನ ವಾದ. ಭೇಟಿ, ತರಬೇತಿ ಅಂತ ಖರ್ಚಾಗುವ ದುಡ್ಡನ್ನೂ ಅವರ ಕೈಗೇ ಕೊಡಬಹುದಲ್ಲ? ಹಣದ ಜತೆ ಒಬ್ಬ ಮನುಷ್ಯ ಬಾಗಿಲಿಗೆ ಬಂದು "ಹೇಗಿದ್ದೀರಿ" ಅಂತ ಕೇಳುವುದಕ್ಕೂ ಬೆಲೆ ಇದೆ ಅನ್ನುತ್ತಾಳೆ ಅವಳು. ಈ ಜಗಳ ನಮ್ಮಿಬ್ಬರಲ್ಲಿ ಇನ್ನೂ ಮುಗಿದಿಲ್ಲ.