ಟೊಳ್ಳು ಗೋಡೆಯ ಮುಂದೆ ಗಟ್ಟಿ ಮಾವ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಹೊಸ ಮನೆ ಕಟ್ಟಿಕೊಡಲು ಜನ ಸಿಗುತ್ತಾರೆ, ಹಳೆಯದನ್ನು ಕೆಡವಿಕೊಡಲೂ ಸಿಗುತ್ತಾರೆ. ಗೋಡೆಯಲ್ಲಿ ಹರಿವಾಣದಗಲ ಬಿದ್ದ ತೂತು ಮುಚ್ಚುವುದಕ್ಕೆ ಮಾತ್ರ ಒಂದು ನರಪಿಳ್ಳೆಯೂ ಸಿಗುವುದಿಲ್ಲ. ತೂತು ಇನ್ನೂ ದೊಡ್ಡದಿದ್ದರೆ ಕಂಟ್ರಾಕ್ಟರುಗಳು ಸಾಲುಗಟ್ಟುತ್ತಿದ್ದರು, ಬೆರಳು ತೂರುವಷ್ಟಿದ್ದರೆ ನಾವೇ ಏನಾದರೂ ಮೆತ್ತಿ ಬಣ್ಣ ಬಳಿಯುತ್ತಿದ್ದೆವು. ನಡುಗಾತ್ರದ ತೂತಿನದು ತ್ರಿಶಂಕು ಸ್ಥಿತಿ.

ನಮ್ಮ ಮನೆಯ ತೂತಿನ ಕರ್ತೃ ಮಾವನವರು. ಶಿರಸಿಯಿಂದ ಬರುವಾಗ ತಮ್ಮ ತಂದೆಯ ಕಾಲದ ಕೀಲಿ ಕೊಡುವ ಗಡಿಯಾರವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಹಪ್ಪಳ ಸಂಡಿಗೆಗಳ ನಡುವೆ ಇಟ್ಟುಕೊಂಡು ತಂದಿದ್ದರು. ಮಗಳ ಮನೆಯ ಹಾಲಿನಲ್ಲಿ ಅದು ಟಣ್ಣೆನ್ನಬೇಕು ಎಂಬುದು ಅವರ ಆಸೆ. ಊರಿನಲ್ಲಿ ಅವರದು ಜಂಬಿಟ್ಟಿಗೆಯ ಮನೆ. ಅಲ್ಲಿ ಒಂದು ಮೊಳೆ ಹೊಡೆಯಬೇಕಾದರೆ ಗೋಡೆ ಕೊರೆದು, ಮರದ ಗೂಟ ಜಡಿದು, ಆಮೇಲೆ ಮೊಳೆಯ ಮಾತು. ಅದೇ ಹುರುಪಿನಲ್ಲಿ ಇಲ್ಲಿಯೂ ಸುತ್ತಿಗೆ ಬೀಸಿದರು. ಎರಡನೆಯ ಪೆಟ್ಟಿಗೆ ಮೊಳೆ ತಲೆಸಮೇತ ಒಳಗೆ ಹೋಯಿತು, ಸುತ್ತಿಗೆಯೂ ಅದರ ಹಿಂದೆಯೇ ಹೋಯಿತು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಮಾವನವರು ಅಡಿಗೆಮನೆಯಿಂದ ಚಾಕು ತಂದು, ಒಳಗೇನಿದೆ ನೋಡೋಣವೆಂದು ತೂತನ್ನು ಅಗಲ ಮಾಡಿದರು. ಸಂಜೆ ನಾನು ಕಚೇರಿಯಿಂದ ಬಂದಾಗ ಟಾರ್ಚು ಹಿಡಿದು ಗೋಡೆಯೊಳಗೆ ಇಣುಕುತ್ತಿದ್ದರು. "ಅಳಿಯಂದಿರೇ, ನಿಮ್ಮ ಗೋಡೆಯೊಳಗೆ ಗೋಡೆಯೇ ಇಲ್ಲವಲ್ಲ!"

ಮಾತು ಸುಳ್ಳಲ್ಲ. ಇಲ್ಲಿನ ಗೋಡೆಯೆಂದರೆ ಹದಿನಾರು ಅಂಗುಲಕ್ಕೊಂದರಂತೆ ನಿಲ್ಲಿಸಿದ ಮರದ ಕಂಬಗಳು, ಎರಡೂ ಬದಿಗೆ ಅರ್ಧ ಅಂಗುಲದ ಡ್ರೈವಾಲ್ ಹಲಗೆ. ಆ ಹಲಗೆಯೋ, ಎರಡು ಕಾಗದಗಳ ನಡುವೆ ಒತ್ತಿದ ಜಿಪ್ಸಮ್. ಅಗಸ್ಟೀನ್ ಸ್ಯಾಕೆಟ್ ಎಂಬಾತ 1894ರಲ್ಲಿ ಇದರ ಮೂಲರೂಪಕ್ಕೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಮರದ ಪಟ್ಟಿ ಹೊಡೆದು, ಗಾರೆ ಮೆತ್ತಿ, ಅದು ಒಣಗುವುದನ್ನು ವಾರಗಟ್ಟಲೆ ಕಾಯಬೇಕಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಎಲ್ಲರಿಗೂ ಒಟ್ಟಿಗೆ ಮನೆ ಬೇಕಾಯಿತು. ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ, ಹಲಗೆ ಗೆದ್ದಿತು. ಜಿಪ್ಸಮ್ಮಿನ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ನೀರೇ ಇರುವುದರಿಂದ ಬೆಂಕಿಗೂ ಅದು ಸುಲಭವಾಗಿ ಬಗ್ಗುವುದಿಲ್ಲ ಎಂದು ನಾನು ಗೋಡೆಯ ಪರವಾಗಿ ವಾದಿಸಿದೆ. ಬೆಂಕಿಗೆ ಬಗ್ಗದ್ದು ಶಿರಸಿಯ ಸುತ್ತಿಗೆಗೆ ಬಗ್ಗಿತ್ತು. ಹೇವರ್ಡ್ ಭೂಬಿರುಕು ಈ ಊರನ್ನೇ ಹಾದುಹೋಗಿದೆ, ಭೂಕಂಪವಾದರೆ ಇಟ್ಟಿಗೆಯ ಗೋಡೆ ಮೈಮೇಲೆ ಬೀಳುತ್ತದೆ ಎಂದೂ ಹೇಳಿದೆ. "ಬೀಳುವುದಕ್ಕಾದರೂ ಒಂದು ಗೋಡೆ ಬೇಕಲ್ಲ" ಎಂದರು.

ಕಂಟ್ರಾಕ್ಟರುಗಳ ಬೇಟೆ ಶುರುವಾಯಿತು. ಒಬ್ಬ ಫೋನಿನಲ್ಲೇ ತೂತಿನ ಅಳತೆ ಕೇಳಿ ನಕ್ಕು ಇಟ್ಟುಬಿಟ್ಟ. ಇನ್ನೊಬ್ಬ ಬಂದ, ಲೇಸರ್ ಹಿಡಿದು ತೂತನ್ನು ಬಿಟ್ಟು ಇಡೀ ಹಾಲನ್ನು ಅಳೆದ, ರಾತ್ರಿಯೊಳಗೆ ಎಸ್ಟಿಮೇಟ್ ಕಳಿಸುತ್ತೇನೆಂದ. ಯಾವ ರಾತ್ರಿ ಎಂದು ಕೇಳಲು ಮರೆತೆವು. ಮತ್ತೊಬ್ಬ ಗಂಭೀರ ಮನುಷ್ಯ. ಗೋಡೆಯನ್ನು ತಟ್ಟಿ, ಕಿವಿಯಿಟ್ಟು, ತಜ್ಞ ವೈದ್ಯರ ಮುಖ ಮಾಡಿಕೊಂಡು, ಇಡೀ ಗೋಡೆ ಬದಲಿಸುವುದೇ ಕ್ಷೇಮ, ಅರ್ಧ ಹಣ ಮುಂಗಡ ಎಂದ. ಕ್ಯಾಲಿಫೋರ್ನಿಯಾದಲ್ಲಿ ಮನೆ ದುರಸ್ತಿಯ ಕರಾರಿಗೆ ಶೇಕಡ 10 ಅಥವಾ 1,000 ಡಾಲರ್, ಇವೆರಡರಲ್ಲಿ ಕಡಿಮೆಯಾದಷ್ಟನ್ನೇ ಮುಂಗಡ ಕೇಳಬಹುದಲ್ಲವೇ ಎಂದು ನಾನು ವಿನಯದಿಂದ ವಿಚಾರಿಸಿದೆ. ಅವನಿಗೆ ತಕ್ಷಣ ಬೇರೆಲ್ಲೋ ಅರ್ಜೆಂಟು ಕೆಲಸ ನೆನಪಾಯಿತು.

ಕೊನೆಗೆ ಸಿಕ್ಕವನು ಹುಬ್ಬಿನಲ್ಲೆಲ್ಲ ಬಿಳಿ ಧೂಳು ಕೂತಿದ್ದ ಒಬ್ಬ ವಯಸ್ಸಾದ ಕೆಲಸಗಾರ. ಕಟ್ಟಡದ ಪರ್ಮಿಟ್ ಬೇಕಿಲ್ಲದ, ಒಬ್ಬನೇ ಮಾಡುವ ಕೆಲಸ 1,000 ಡಾಲರಿನೊಳಗಿದ್ದರೆ 2025ರಿಂದ ಇಲ್ಲಿ ಕಂಟ್ರಾಕ್ಟರ್ ಲೈಸೆನ್ಸ್ ಬೇಡ. ಅವನು ಹೇಳಿದ ಬೆಲೆ 980. ಕಾಯಿದೆ ಓದಿಕೊಂಡವನು ನಾನೊಬ್ಬನೇ ಅಲ್ಲವೆಂದು ಗೊತ್ತಾಯಿತು.

ಆದರೆ ಕೈ ಒಳ್ಳೆಯದು. ಮಾವನವರ ಕಲಾಕೃತಿಯನ್ನು ಚಚ್ಚೌಕವಾಗಿ ಕತ್ತರಿಸಿ, ಒಳಗೆ ಅಡ್ಡಪಟ್ಟಿ ಕೊಟ್ಟು, ಹೊಸ ತುಂಡು ಕೂರಿಸಿ ಸ್ಕ್ರೂ ಬಿಗಿದ. ಸಂದಿಗೆ ಕಾಗದದ ಟೇಪು, ಅದರ ಮೇಲೆ ಮೊಸರಿನ ಹದದ ಲೇಪ. ಮೊದಲು ಸಣ್ಣ ಕರಣೆ, ಅದು ಒಣಗಿದ ಮೇಲೆ ಅಗಲದ್ದು, ಆಮೇಲೆ ಇನ್ನೂ ಅಗಲದ್ದು. ಪ್ರತಿ ಸಲ ಲೇಪ ಅಂಚಿಗೆ ಬರುತ್ತಾ ತೆಳುವಾಗಿ ಗೋಡೆಯಲ್ಲಿ ಕರಗಬೇಕು. ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ನಮಗೆ ಕಾಣದ ಉಬ್ಬು ಅವನಿಗೆ ಕಾಣುತ್ತಿತ್ತು. ಈ ಕೆಲಸದ ಪಾಡೇ ವಿಚಿತ್ರ: ಚೆನ್ನಾಗಿ ಮಾಡಿದಷ್ಟೂ ಏನೂ ಮಾಡಿಲ್ಲವೆಂದು ಕಾಣುತ್ತದೆ. ಕುರ್ಚಿ ಹಾಕಿಕೊಂಡು ಕೂತಿದ್ದ ಮಾವನವರಿಗೆ ಅದೇ ಸಂಶಯ. "ನಿನ್ನೆಯೂ ಬಂದ, ಇವತ್ತೂ ಬಂದ. ಮಾಡಿದ್ದೇನು?"

ಮಾಡಿದ್ದೇನೆಂದು ಉಜ್ಜುವ ದಿನ ತಿಳಿಯಿತು. ಪ್ಲಾಸ್ಟಿಕ್ ಪರದೆ ಕಟ್ಟಿಯೇ ಶುರುಮಾಡಿದ್ದ, ಧೂಳಿಗೆ ಅದು ಲೆಕ್ಕವೇ ಅಲ್ಲ. ದೇವರ ಮೂರ್ತಿಗಳಿಗೆಲ್ಲ ವಿಭೂತಿ ಧಾರಣೆಯಾಯಿತು, ಅದರಲ್ಲಿ ಕೃಷ್ಣನೂ ಸೇರಿದ್ದ. ಹೊಗೆಯ ಅಲಾರಂ ಧೂಳನ್ನೇ ಹೊಗೆಯೆಂದು ತಿಳಿದು ಬೊಬ್ಬೆ ಹಾಕಿತು. ಅತ್ತೆಯವರು ಒಲೆಯ ಮೇಲಿದ್ದ ಸಾರನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು. ಪಾಸ್‌ಪೋರ್ಟುಗಳು ಒಳಗೇ ಉಳಿದಿದ್ದವು.

ಗೋಡೆಯ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿರುವುದು ಈ ಕಡೆಯ ಫ್ಯಾಷನ್. ಆ ತರಿಯನ್ನೂ ಸಿಂಪಡಿಸಿ ಹೊಂದಿಸಿದ. ಬಣ್ಣ ಮಾತ್ರ ಹೊಂದಲಿಲ್ಲ. ಬಿಸಿಲಿಗೆ ಮಾಸಿದ ಹಳೆಯ ಬಿಳಿಯ ನಡುವೆ ಹೊಸ ಬಿಳಿ ಎದ್ದು ಕುಳಿತಿತ್ತು. ಗೋಡೆ ಪೂರ್ತಿ ಬಳಿದದ್ದಾಯಿತು. ಆಗ ಉಳಿದ ಮೂರು ಗೋಡೆಗಳು ಕೊಳಕಾಗಿ ಕಂಡವು. ಅವುಗಳಿಗೆ ನಾನೇ ಬ್ರಷ್ಷು ಹಿಡಿದೆ, ಆ ವಿಷಯ ಇಲ್ಲಿಗೆ ಸಾಕು.

ಹೋಗುವ ಮುನ್ನ ಅವನು ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಗೋಡೆಯ ಮೇಲೆ ಸವರಿದ. ಸ್ಕ್ರೂ ಇದ್ದಲ್ಲಿ ಅದು ಅಂಟಿ ನಿಂತಿತು, ಅಲ್ಲಿಯೇ ಕಂಬ. ಗಡಿಯಾರ ಗಟ್ಟಿಯಾಗಿ ನೇತಾಡಿತು. ಮಾವನವರು ಆ ಅಯಸ್ಕಾಂತವನ್ನು ಕೇಳಿ ಪಡೆದು, ಮನೆಯ ಕಂಬಗಳನ್ನೆಲ್ಲ ಹುಡುಕಿ, ಮುಂದೆ ಬೇಕಾಗಬಹುದೆಂದು ಹೊಸ ಬಣ್ಣದ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು.

ಅಭಿಮಾನ ತಡೆಯದೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಗೋಡೆಯ ಫೋಟೋ ಹಾಕಿದೆ. ಬರೀ ಗೋಡೆ ಯಾಕೆ ಕಳಿಸಿದ್ದೀರಿ ಎಂದು ನಾಲ್ಕಾರು ಜನ ಕೇಳಿದರು. ವಿವರಿಸಿದ ಮೇಲೆ ಎಲ್ಲರಿಗೂ ಅವನ ನಂಬರು ಬೇಕಾಯಿತು. ಪ್ರತಿಯೊಬ್ಬರ ಮನೆಯಲ್ಲೂ ಒಂದು ನಡುಗಾತ್ರದ ತೂತು ಸೋಫಾದ ಹಿಂದೆಯೋ ಕ್ಯಾಲೆಂಡರಿನ ಹಿಂದೆಯೋ ಅಡಗಿತ್ತಂತೆ. ಮೊನ್ನೆ ಮಹಡಿಯ ಬಚ್ಚಲು ಸೋರಿ ಗ್ಯಾರೇಜಿನ ಮಾಡು ಹೊಟ್ಟೆಬಿಟ್ಟಾಗ ಅವನಿಗೆ ಫೋನು ಮಾಡಿದೆ. ಪೂರಾ ನಿಮ್ಮವರದೇ ಕೆಲಸ ನಡೆಯುತ್ತಿದೆ ಸಾರ್, ಮುಂದಿನ ತಿಂಗಳು ನೋಡೋಣ ಎಂದ. ಬೆಲೆಯೂ ಈಗ 995 ಆಗಿದೆ.