ಒಂದೂ ಮೊಳೆ ಹೊಡೆಯದೆ ಗೋಡೆ ಹಾಳು ಮಾಡಿದ್ದು

ಬೆಂಗಳೂರಿನಲ್ಲಿ ಇದು ನಮ್ಮ ನಾಲ್ಕನೇ ಬಾಡಿಗೆ ಮನೆ. ಎರಡನೆಯದು ಶ್ರೀನಗರದಲ್ಲಿತ್ತು. ಕೀ ಕೊಡುವಾಗ ಓನರ್ ಅಂಕಲ್ ಹೇಳಿದ್ದು ಒಂದೇ ಮಾತು: "ನೋಡಮ್ಮ, ಏನಾದ್ರೂ ಮಾಡ್ಕೊಳ್ಳಿ, ಗೋಡೆಗೆ ಮೊಳೆ ಮಾತ್ರ ಹೊಡಿಬೇಡಿ."

ನಾನು ಮಾತಿಗೆ ತಪ್ಪಲಿಲ್ಲ. ಎರಡು ವರ್ಷ ಒಂದೂ ಮೊಳೆ ಹೊಡೆಯಲಿಲ್ಲ. ಅಂಟಿಸುವ ಹುಕ್ ತಂದೆ, ಒಟ್ಟು ಹದಿನಾರು. ಕನ್ನಡಿ, ಕ್ಯಾಲೆಂಡರ್, ಮಗಳ ಸ್ಕೂಲ್ ಬ್ಯಾಗ್, ಛತ್ರಿ ಎಲ್ಲಾ ಅದಕ್ಕೇ. ಖಾಲಿ ಮಾಡುವ ದಿನ ಒಂದೊಂದೇ ಕೀಳುತ್ತಾ ಬಂದರೆ, ಹುಕ್ ಜೊತೆ ಅಂಗೈ ಅಗಲದ ಬಣ್ಣವೂ ಪುಟ್ಟಿಯೂ ಎದ್ದು ಬಂತು. ಗೋಡೆಗೆ ತೊನ್ನು ಹತ್ತಿದ ಹಾಗೆ ಕಾಣುತ್ತಿತ್ತು. ಅಡ್ವಾನ್ಸ್‌ನಲ್ಲಿ ಎಷ್ಟು ಮುರಿದರು ಅಂತ ಕೇಳಬೇಡಿ. ಮೊಳೆ ಹೊಡೆದಿದ್ದರೆ ಹದಿನಾರು ಸಣ್ಣ ತೂತು ಇರುತ್ತಿತ್ತು, ಅಷ್ಟೇ ಅಲ್ವಾ?

ಆಮೇಲೆ ಗೊತ್ತಾಯಿತು. ಅಂಟು ಹಿಡಿಯುವುದು ಗೋಡೆಯನ್ನಲ್ಲ, ಮೇಲಿನ ಬಣ್ಣವನ್ನು. ಬಾಡಿಗೆ ಮನೆಗೆ ಹೆಚ್ಚಾಗಿ ಹೊಡೆಸುವುದು ಅಗ್ಗದ ಡಿಸ್ಟೆಂಪರ್. ಅಂಗೈಯಲ್ಲಿ ಗೋಡೆ ಉಜ್ಜಿ ನೋಡಿ. ಕೈಗೆ ಪುಡಿ ಹತ್ತಿದರೆ ಅಲ್ಲಿ ಹುಕ್ ಅಂಟಿಸಬೇಡಿ. ಒಂದೋ ಮಧ್ಯರಾತ್ರಿ ಬೀಳುತ್ತದೆ, ಇಲ್ಲಾ ಕೀಳುವಾಗ ಬಣ್ಣ ಕಿತ್ತುಕೊಂಡು ಬರುತ್ತದೆ. ಅಡುಗೆಮನೆ ಟೈಲ್ಸ್, ಕಬೋರ್ಡಿನ ಲ್ಯಾಮಿನೇಟ್, ಗಾಜು, ಇವುಗಳ ಮೇಲೆ ಚೆನ್ನಾಗಿ ನಿಲ್ಲುತ್ತದೆ. ಮೊದಲು ಎಣ್ಣೆ ಜಿಡ್ಡು ಒರೆಸಿ, ಒಣಗಿಸಿ, ಅಂಟಿಸಿದ ಮೇಲೆ ಒಂದು ಗಂಟೆ ಏನೂ ನೇತುಹಾಕಬಾರದು. ನಮಗೆ ಆ ತಾಳ್ಮೆ ಎಲ್ಲಿ? ಕೀಳುವಾಗ, ಹುಕ್ ಹಿಂದಿನ ಅಂಟುಪಟ್ಟಿಗೆ ಎಳೆಯಲು ಬಾಲ ಇದ್ದರೆ ಅದನ್ನು ಮುಂದಕ್ಕೆ ಎಳೆಯಬೇಡಿ. ಗೋಡೆಗೆ ತಾಗಿಸಿಕೊಂಡೇ ನಿಧಾನಕ್ಕೆ ಕೆಳಗೆ ಎಳೆಯಿರಿ. ಬೇರೆ ಥರದ್ದಾದರೆ ಹೇರ್ ಡ್ರೈಯರ್ ಬಿಸಿಗೆ ಅಂಟು ಮೆತ್ತಗಾಗುತ್ತದೆ.

ಶಿರಸಿ ಕಡೆಯ ನನ್ನ ಅಜ್ಜಿ ಮನೆಯಲ್ಲಿ ಈ ತಲೆನೋವೇ ಇರಲಿಲ್ಲ. ಗೋಡೆ ಕಟ್ಟುವಾಗಲೇ ಗೂಡು ಬಿಟ್ಟಿದ್ದರು. ಡಬ್ಬಿಗೆ ನಾಗಂದಿಗೆ ಅಂದರೆ ಗೋಡೆಯ ಹಲಗೆ, ಅಂಗಿಗೆ ಗೂಟ, ಮಡಿಬಟ್ಟೆಗೆ ಗಳ, ಹಾಲುಮೊಸರಿಗೆ ತೊಲೆಯಿಂದ ಇಳಿಬಿಟ್ಟ ನೆಲುವು. ಮೇಲೆ ಅಟ್ಟ ಬೇರೆ. ನಾವು ಈಗ ಸಾವಿರಾರು ರೂಪಾಯಿ ಕೊಟ್ಟು ತರುವ 'ಸ್ಟೋರೇಜ್' ಮನೆಯ ಜೊತೆಗೇ ಬರುತ್ತಿತ್ತು. ಈಗಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಒಂದು ಸಜ್ಜಾ ಇದ್ದರೆ ಅದೇ ಪುಣ್ಯ. ಜಾಗವನ್ನೂ ಕೊಡದೆ ಮೊಳೆಯನ್ನೂ ಬೇಡ ಅಂದರೆ ಬಾಡಿಗೆಯವರು ಸಾಮಾನು ಎಲ್ಲಿಡಬೇಕು ಸ್ವಾಮಿ?

ಮೂರನೇ ಮನೆಯಿಂದ ನಾನು ಗೋಡೆಯನ್ನೇ ಬಿಟ್ಟೆ. ಎಲ್ಲಾ ನೆಲದ ಮೇಲೇ ನಿಲ್ಲಬೇಕು ಅಂತ ಹಟ. ಎಸ್‌ಜೆಪಿ ರಸ್ತೆಗೆ ಹೋಗಿ ತೂತು ತೂತಿನ ಕಬ್ಬಿಣದ ಆಂಗಲ್ ರ‍್ಯಾಕ್ ತಂದೆವು, ಅಂಗಡಿಗಳಲ್ಲಿ ಇರುತ್ತಲ್ಲ, ಅದೇ. ನಟ್ಟು ಬೋಲ್ಟು ಬಿಚ್ಚಿದರೆ ಒಂದು ಕಟ್ಟು ಆಗಿ ಟೆಂಪೋದಲ್ಲಿ ಹೋಗುತ್ತದೆ. ಕಾಲಿಗೆ ರಬ್ಬರ್ ಬುಶ್ ಹಾಕಿದರೆ ನೆಲಕ್ಕೆ ಗೀರು ಬೀಳಲ್ಲ. ನೋಡಲು ಗೋಡೌನ್ ಥರ ಇತ್ತು ನಿಜ. ಅಮ್ಮನ ಹಳೇ ಇಳಕಲ್ ಸೀರೆ ಮುಂದೆ ಇಳಿಬಿಟ್ಟೆ, ಬಂದವರೆಲ್ಲ ಅದನ್ನೇ ಹೊಗಳುತ್ತಾರೆ. ಕಿಟಕಿಗೆ ಮೊಳೆಯಿಲ್ಲದೆ ಎರಡೂ ಬದಿಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ರಾಡ್ ಸಾಕು, ತೆಳ್ಳಗಿನ ಪರದೆಯಾದರೆ. ಒದ್ದೆ ಬೆಡ್‌ಶೀಟ್ ಹಾಕಿ ನನ್ನ ಗಂಡ ಒಂದನ್ನು ಬೀಳಿಸಿದ್ದಾರೆ. ಅಜ್ಜಿಯ ಟ್ರಂಕು ವರ್ಷವೆಲ್ಲ ಸೀಟು, ದಸರಾದಲ್ಲಿ ಗೊಂಬೆ ಕೂರಿಸಲು ಮೊದಲ ಮೆಟ್ಟಿಲು.

ಆದರೆ ಎತ್ತರದ ರ‍್ಯಾಕ್‌ನಲ್ಲಿ ಒಂದು ಭಯ ಇದೆ. ಮಕ್ಕಳು ಹತ್ತುತ್ತಾರೆ. ಭಾರದ್ದೆಲ್ಲ ಕೆಳಗಿಟ್ಟರೂ ಮೇಲ್ಗಡೆ ಗೋಡೆಗೆ ಬಿಗಿಯಲೇಬೇಕು. ಹಾಗಾಗಿ ಈಗಿನ ಮನೆಗೆ ಬಂದಾಗ ನೇರವಾಗಿ ಓನರ್ ಆಂಟಿಯನ್ನೇ ಕೇಳಿದೆ. ಎರಡೇ ತೂತು, ಸುತ್ತಿಗೆ ಬೇಡ, ಡ್ರಿಲ್ ಮಾಡಿಸುತ್ತೇನೆ, ಹೋಗುವಾಗ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿಕೊಡುತ್ತೇನೆ ಅಂತ. ಅವರು ತಕ್ಷಣ ಒಪ್ಪಿದರು! ಅವರ ಹೆದರಿಕೆ ತೂತಿನದ್ದಲ್ಲ, ಸುತ್ತಿಗೆ ಏಟಿಗೆ ಉದುರುವ ಗಾರೆಯದ್ದು. ಆ ಒಪ್ಪಿಗೆಯನ್ನು ವಾಟ್ಸ್ಯಾಪ್‌ನಲ್ಲಿ ಬರೆಸಿಕೊಂಡೆ. (ತೂತಿಗೆ ಟೂತ್‌ಪೇಸ್ಟ್ ಮೆತ್ತುವ ಬುದ್ಧಿವಂತಿಕೆ ಬೇಡ, ಬೇರೆ ಬಣ್ಣವಾಗಿ ಎದ್ದು ಕಾಣುತ್ತದೆ.)

ಇನ್ನು ದುಡ್ಡಿನ ವಿಷಯ. ಗೋಡೆ ಹೇಗೇ ಇರಲಿ, ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿಯುವುದು ಬೆಂಗಳೂರಿನ ರೂಢಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬಳಕೆಯಿಂದ ಸಹಜವಾಗಿ ಆಗುವ ಸವಕಳಿಯನ್ನು ಬಾಡಿಗೆದಾರರ ತಲೆಗೆ ಕಟ್ಟುವುದಿಲ್ಲ. ಆದರೆ ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿದ್ದರೆ, ಅಥವಾ ಊರಿನ ರೂಢಿ ಬೇರೆ ಇದ್ದರೆ, ಅದಕ್ಕೇ ಬೆಲೆ. ಓದದೆ ಸಹಿ ಹಾಕುವವರು ನಾವೇ ಅಲ್ವಾ? ಪೇಂಟಿಂಗ್ ದುಡ್ಡು ಹೇಗೂ ಕೊಡುವುದೇ ಆದರೆ, ನಾಲ್ಕು ತೂತಿಗೆ ಮತ್ತೆ ಬೇರೆ ದುಡ್ಡು ಕೇಳುವುದು ನನ್ನ ಪ್ರಕಾರ ಅನ್ಯಾಯ. ಇದನ್ನು ಸಹಿಗೆ ಮೊದಲೇ ಮಾತಾಡಿ. ಸಾಮಾನು ಇಳಿಸುವ ಮುಂಚೆ ಒಂದೊಂದು ಗೋಡೆಯ ವಿಡಿಯೋ ಮಾಡಿ ಓನರಿಗೇ ಕಳಿಸಿ. ಈ ಮನೆಯಲ್ಲಿ ನಾವು ಬರುವಾಗಲೇ ಏಳು ಮೊಳೆ ಇದ್ದವು. ಏಳರ ಫೋಟೋವೂ ನನ್ನ ಹತ್ತಿರ ಇದೆ. ಬಾಗಿಲ ಮೇಲಿನ ಎರಡು ಮಾವಿನ ತೋರಣಕ್ಕೆ ಆಗುತ್ತಿವೆ.

ಕಳೆದ ವಾರ ಓನರ್ ಆಂಟಿ ಬಂದವರು ರ‍್ಯಾಕ್ ಮುಟ್ಟಿ, ಅಲ್ಲಾಡಿಸಿ ನೋಡಿದರು. "ಖಾಲಿ ಮಾಡುವಾಗ ಇದನ್ನ ಇಲ್ಲೇ ಬಿಟ್ಟು ಹೋಗ್ತೀರಾ?" ಅಂದರು. ಕಾಫಿ ಕೊಟ್ಟೆ. ರ‍್ಯಾಕ್ ಮಾತ್ರ ಕೊಡಲ್ಲ ಅಂದೆ.