ಹೃದಯಕ್ಕೊಂದು ಸಮಿತಿ, ಸಮಿತಿಗೊಬ್ಬ ಬೇಕರಿ ಧಣಿ

ಹೃದಯದ ಸಮಿತಿಗೆ ಅಧ್ಯಕ್ಷರಾಗಲು ಹೃದಯದ ಬಗ್ಗೆ ಏನೂ ಗೊತ್ತಿರಬೇಕೆಂದಿಲ್ಲ. ಅದು ಇದ್ದರೆ ಸಾಕು. ಇದೆಯೋ ಇಲ್ಲವೋ ಎಂದು ಯಾರೂ ಪುರಾವೆ ಕೇಳುವುದೂ ಇಲ್ಲ.

ನಮ್ಮ ಕಾಸರಗೋಡಿನಲ್ಲಿ, ಕುಂಬಳೆಗೂ ಬದಿಯಡ್ಕಕ್ಕೂ ನಡುವೆ ಎಲ್ಲೋ ಒಂದು ಕಡೆ, ಜನರ ಹೃದಯ ಕಾಪಾಡಲೆಂದೇ ಒಂದು ಸಮಿತಿ ಹುಟ್ಟಿಕೊಂಡಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ನನ್ನನ್ನೂ ಉಪಾಧ್ಯಕ್ಷ ಮಾಡಿಬಿಡುತ್ತಾರೆ. ಸೆಪ್ಟೆಂಬರ್ 29 ವಿಶ್ವ ಹೃದಯ ದಿನ ಅಲ್ವಾ, ಅದರ ಆಮಂತ್ರಣ ಪತ್ರಿಕೆ ಮನೆಗೆ ಬಂತು. ನುಣುಪು ಕಾಗದ, ನಾಲ್ಕು ಪುಟ. ಎದೆನೋವು ಬಂದರೆ ಏನು ಮಾಡಬೇಕು ಎಂಬುದನ್ನು ಕೊನೆಯ ಪುಟದ ಬುಡದಲ್ಲಿ ಇರುವೆ ಗಾತ್ರದ ಮಲಯಾಳ ಅಕ್ಷರದಲ್ಲಿ ಹಾಕಿದ್ದಾರೆ. ಕನ್ನಡದಲ್ಲಿ ದಪ್ಪಗೆ ಅಚ್ಚಾದದ್ದು ಪದಾಧಿಕಾರಿಗಳ ಪರಿಚಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕನ್ನಡಕ್ಕೆ ಜಾಗ ಕೊಡಿ ಎಂದು ಕೇಳುತ್ತಲೇ ಇದ್ದೇವೆ. ಕೊಟ್ಟರು ನೋಡಿ, ಫೋಟೋದ ಕೆಳಗೆ.

ನಮ್ಮ ಕಡೆ ಸಂಘ ರಿಜಿಸ್ಟರ್ ಮಾಡುವುದು ಇವತ್ತಿಗೂ 1860ರ ಕಾಯ್ದೆಯಲ್ಲಿ. ಅದಕ್ಕೆ ಏಳು ಜನ ಇದ್ದರೆ ಆಯಿತು. ಏಳರಲ್ಲಿ ಒಬ್ಬರಿಗಾದರೂ ನಾಡಿ ಹಿಡಿದು ನೋಡಲು ಬರಬೇಕು ಎಂದು ಬ್ರಿಟಿಷರು ಬರೆದಿಲ್ಲ. ಹಾಗಾಗಿ ನಮ್ಮ ಸಮಿತಿಯಲ್ಲೂ ಸರಿಯಾಗಿ ಏಳು ಜನ.

ಅಧ್ಯಕ್ಷರು ಬೇಕರಿ ಧಣಿ. ಪರಿಚಯದಲ್ಲಿ 'ಬೇಕರಿ ಉದ್ಯಮದಲ್ಲಿ ಮೂರು ದಶಕಗಳ ಸೇವೆ' ಎಂದಿದೆ. ಸೇವೆ ಎಂಬುದು ನಿಜ, ಸೇವಿಸಿದವರು ನಾವು. ಕಾರ್ಯಕ್ರಮದಲ್ಲಿ ಅವರು ಅರ್ಧ ಗಂಟೆ ಮಾತಾಡಿದರು. 'ಹೃದಯ ದೇವರ ಗುಡಿ' ಎಂದರು. 'ಎಣ್ಣೆ ಕಡಿಮೆ ಮಾಡಿ, ಬೆಳಿಗ್ಗೆ ಬೇಗ ಎದ್ದು ನಡೆಯಿರಿ' ಎಂದರು. ಆಮೇಲೆ ಚಹಾ. ಚಹಾದ ಜೊತೆ ಪಪ್ಸ್, ಮಿಕ್ಸ್ಚರ್, ಒಂದು ಲಡ್ಡು. ಎಲ್ಲವೂ ಅವರ ಬೇಕರಿಯದ್ದೇ, ಸಮಿತಿಗೆಂದು ರಿಯಾಯಿತಿ ದರದಲ್ಲಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಿಕ್ಸ್ಚರ್ ತಿಂದ ಮೇಲೆ ನನ್ನ ಲೆಕ್ಕ ನಾಡಿದ್ದಿನವರೆಗೆ ಚುಕ್ತಾ.

ನನಗೆ ಬೇಜಾರಾದದ್ದು ಬೇಕರಿಯವರು ಅಧ್ಯಕ್ಷರಾದರು ಎಂದಲ್ಲ. ಬೇಕರಿಯವರಾಗಿ ಮಾತಾಡಲಿಲ್ಲವಲ್ಲ ಎಂದು. ಡಾಲ್ಡಾದ ಗುಟ್ಟು ಅವರಿಗೆ ಗೊತ್ತಿರುವಷ್ಟು ಮಂಗಳೂರಿನ ಯಾವ ಹೃದಯ ತಜ್ಞರಿಗೂ ಗೊತ್ತಿರಲಾರದು. 2022ರ ಜನವರಿಯಿಂದ ಎಣ್ಣೆ, ಡಾಲ್ಡಾಗಳಲ್ಲಿ ಹೃದಯಕ್ಕೆ ಕೇಡು ಮಾಡುವ ಟ್ರಾನ್ಸ್ ಫ್ಯಾಟ್ ಎಂಬ ಕೊಬ್ಬು ನೂರಕ್ಕೆ 2 ಮೀರಬಾರದು ಎಂದು ದೇಶಕ್ಕೇ ಕಾನೂನಿದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದಕ್ಕೂ 2018ರಿಂದ ಮಿತಿ ಇದೆ. 'ನಮ್ಮ ಬಾಣಲೆಯ ಎಣ್ಣೆಯನ್ನು ನಾನು ಯಾವಾಗ ಚೆಲ್ಲುತ್ತೇನೆ ಗೊತ್ತಾ?' ಎಂದು ಅವರು ಒಂದೇ ಒಂದು ಮಾತು ಶುರು ಮಾಡಿದ್ದರೆ ಇಡೀ ಸಭೆ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಅವರು ದೇವರ ಗುಡಿಗೆ ಹೋದರು.

ಉಪಾಧ್ಯಕ್ಷರು ರಸ್ತೆ ಕಂಟ್ರಾಕ್ಟರು. ಪ್ರಾಣಾಯಾಮದ ಬಗ್ಗೆ ಮಾತಾಡಿದರು. ಮೂಗಿನ ಎಡ ಹೊಳ್ಳೆ, ಬಲ ಹೊಳ್ಳೆ ಎಂದು ವೇದಿಕೆಯ ಮೇಲೆ ಮಾಡಿಯೂ ತೋರಿಸಿದರು. ನಮಗೆ ಬೇಕಿದ್ದದ್ದು ಹೊಳ್ಳೆಯ ಸುದ್ದಿ ಅಲ್ಲ, ಹೊಂಡದ ಸುದ್ದಿ. ಕಾಸರಗೋಡಿನಲ್ಲಿ ಹೃದಯ ಎಂದರೆ ಅರ್ಧ ರಸ್ತೆಯ ವಿಷಯ. ಎದೆ ಹಿಡಿದುಕೊಂಡರೆ ನಮ್ಮ ಕಡೆಯವರು ಓಡುವುದು ಮಂಗಳೂರಿಗೆ, ಸುಮಾರು 50 ಕಿಲೋಮೀಟರ್. ದೊಡ್ಡ ಹೃದಯಾಘಾತವಾದರೆ ಆಸ್ಪತ್ರೆ ಮುಟ್ಟಿದ 90 ನಿಮಿಷದೊಳಗೆ ಮುಚ್ಚಿದ ರಕ್ತನಾಳ ತೆರೆಯಬೇಕು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಮುಟ್ಟುವವರೆಗಿನ ಲೆಕ್ಕ ಹಂಪ್ ಹಾಕಿದವರ ಬಳಿ ಇದೆ.

ನಮ್ಮ ಜಿಲ್ಲೆಗೆಂದು ಉಕ್ಕಿನಡ್ಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. 2020ರಲ್ಲಿ ಕೊರೋನಾ ಬಂದಾಗ ಅವಸರ ಅವಸರವಾಗಿ ಅಲ್ಲೊಂದು ಕಟ್ಟಡವನ್ನು ಕೊರೋನಾ ಆಸ್ಪತ್ರೆ ಮಾಡಿದರು. ಅದೇ ಹೊತ್ತಿಗೆ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೊರಟವರು ದಾರಿಯಲ್ಲೇ ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ರಸ್ತೆಗೆ ಮಣ್ಣು ಹಾಕುವುದೂ ತೆಗೆಯುವುದೂ ಹೃದಯ ರೋಗದ ಚಿಕಿತ್ಸೆಯೊಳಗೇ ಬರುತ್ತದೆ ಎಂದು ನಮಗೆ ಆವಾಗಲೇ ಗೊತ್ತಾಗಿದೆ. ಆ ಲೆಕ್ಕದಲ್ಲಿ ನಮ್ಮ ಕಂಟ್ರಾಕ್ಟರು ಉಪಾಧ್ಯಕ್ಷರಲ್ಲ, ಅರ್ಧ ಡಾಕ್ಟರೇ. ಅವರಿಗೆ ಮಾತ್ರ ಅದು ಗೊತ್ತಿಲ್ಲ. ಹೊಳ್ಳೆ ಹಿಡಿದುಕೊಂಡು ಕೂತಿದ್ದಾರೆ.

ಇನ್ನು ಜೊತೆ ಕಾರ್ಯದರ್ಶಿ. ಇವರದು ಸೋಡಾ ಫ್ಯಾಕ್ಟರಿ. ಇವರನ್ನು ಯಾಕೆ ತೆಗೆದುಕೊಂಡರೋ ಎಂದು ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ ಇಡೀ ಸಮಿತಿಯಲ್ಲಿ ಹೃದಯ ರೋಗಿಗಳನ್ನು ಎಲ್ಲರಿಗಿಂತ ಮೊದಲು ನೋಡುವವರು ಇವರೇ! ನಮ್ಮ ಊರಲ್ಲಿ ಯಾರಿಗಾದರೂ ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ ಸುತ್ತ ಇದ್ದವರ ಮೊದಲ ಮಾತು ಏನು? "ಗ್ಯಾಸ್ ಇರ್ಬೇಕು ಮಾರಾಯ್ರೆ, ಒಂದು ಸೋಡಾ ಕುಡಿಯಿರಿ." ಲಿಂಬೆ ಹಿಂಡಿ, ಉಪ್ಪು ಹಾಕಿ, ಒಂದು ಸೋಡಾ. ತೇಗು ಬಂತೆಂದರೆ ಸಮಾಧಾನ. ಬರದಿದ್ದರೆ ಇನ್ನೊಂದು ಸೋಡಾ. ಮೂರನೆಯದು ಮುಗಿಯುವ ಹೊತ್ತಿಗೆ ಆಟೋ ಹುಡುಕಲು ಓಡುತ್ತಾರೆ. ಇಸಿಜಿಗೆ ಹೋಗಬೇಕಾದ ಸಮಯವೆಲ್ಲ ಬಾಟಲಿಯ ಗೋಲಿಯ ಜೊತೆ ಉರುಳಿಹೋಗುತ್ತದೆ.

ಇವರು ತಮ್ಮ ಬಾಟಲಿಗೆ ಒಂದು ಚೀಟಿ ಅಂಟಿಸಿದರೆ ಸಾಕಿತ್ತು. 'ಎದೆಯಿಂದ ಎಡಗೈಗೋ ದವಡೆಗೋ ನೋವು ಹರಿಯುತ್ತಿದೆಯಾ, ತಣ್ಣನೆ ಬೆವರು ಬರುತ್ತಿದೆಯಾ? ಇದನ್ನು ಕುಡಿಯಬೇಡಿ, 108ಕ್ಕೆ ಫೋನ್ ಮಾಡಿ.' ಇಷ್ಟೇ, ಕನ್ನಡದಲ್ಲಿ ಒಂದು ಸಾಲು, ಮಲಯಾಳದಲ್ಲಿ ಒಂದು ಸಾಲು. ಭಾರತದಲ್ಲಿ ಯಾವ ಹೃದಯ ಸಂಸ್ಥೆಗೂ ಇಷ್ಟು ಸರಿಯಾದ ಜಾಗದಲ್ಲಿ ಜಾಹೀರಾತು ಹಾಕುವ ಭಾಗ್ಯ ಇಲ್ಲ. ನಾನು ಇದನ್ನು ಅವರ ಬಳಿ ಹೇಳಿದೆ. "ಅಲ್ಲ ಅಣ್ಣ, ಕುಡಿಯಬೇಡಿ ಅಂತ ಬಾಟಲಿಯ ಮೇಲೆ ನಾನೇ ಬರೆಯುವುದಾ?" ಎಂದರು. ಹೃದಯದ ಸಮಿತಿಯಲ್ಲಿ ಅವರಿಗೆ ಹೃದಯ ಇತ್ತು, ವ್ಯಾಪಾರವೂ ಇತ್ತು, ಎರಡಕ್ಕೂ ಪರಿಚಯ ಇರಲಿಲ್ಲ.

ಖಜಾಂಚಿಯವರು ಬಸ್ಸಿನ ಮಾಲೀಕರು. ಅವರ ಬಸ್ಸಲ್ಲಿ ಒಮ್ಮೆ ಕೂತು ಬಂದವರು ಟ್ರೆಡ್‌ಮಿಲ್ ಟೆಸ್ಟಿಗೆ ಬೇರೆ ಹೋಗಬೇಕಿಲ್ಲ. ಕಾರ್ಯದರ್ಶಿ ನಿವೃತ್ತ ಬ್ಯಾಂಕ್ ಮ್ಯಾನೇಜರು. ಒಬ್ಬ ನಿರ್ದೇಶಕರದು ಫ್ಲೆಕ್ಸ್ ಅಂಗಡಿ. ಸಮಿತಿಯ ಲಾಂಛನ ಅವರೇ ಮಾಡಿದ್ದು. ಕೆಂಪು ಹೃದಯ, ಅದರ ನಡುವೆ ಬಾಣ ಚುಚ್ಚಿಕೊಂಡಿದೆ. ಮದುವೆ ಫ್ಲೆಕ್ಸಿಗೆ ಮಾಡಿಟ್ಟದ್ದನ್ನೇ ಎತ್ತಿ ಹಾಕಿದ್ದಾರೆ, ಹೆಸರು ಮಾತ್ರ ಅಳಿಸಿದ್ದಾರೆ. ಹೃದಯಕ್ಕೆ ಆಪತ್ತು ಬಂದದ್ದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ ಎಂದು ಒಪ್ಪಬೇಕು.

ಏಳನೆಯವರು ಡಾಕ್ಟರ್. ಹೌದು, ನಿಜವಾದ ಡಾಕ್ಟರ್. ಮೂವತ್ತು ವರ್ಷ ದನದ ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು. ಹೆಸರಿನ ಹಿಂದೆ 'ಡಾ.' ಇದ್ದರೆ ಪತ್ರಿಕೆಗೆ ಕಳೆ ಬರುತ್ತದೆ ಎಂದು ಕರೆದದ್ದು. ಆದರೆ ಮೀಟಿಂಗಿನಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದವರು ಅವರೊಬ್ಬರೇ. "ರಾತ್ರಿ ಹನ್ನೆರಡಕ್ಕೆ ಇಸಿಜಿ ತೆಗೆಯುವ ಜಾಗ ನಮಗೆ ಹತ್ತಿರದಲ್ಲಿ ಯಾವುದು?" ಎಂದರು. ಯಾರಿಗೂ ಗೊತ್ತಿರಲಿಲ್ಲ. ಕಾರ್ಯದರ್ಶಿಯವರು ಆ ಪ್ರಶ್ನೆಯನ್ನು 'ಇತರ ವಿಷಯಗಳು' ಎಂಬುದರ ಕೆಳಗೆ ಬರೆದುಕೊಂಡರು. ಅದರ ಮೇಲಿನ ವಿಷಯ ಶಾಲಿನ ಬಣ್ಣ. ಅದಕ್ಕೆ ಮುಕ್ಕಾಲು ಗಂಟೆ ಹೋಯಿತು.

ಡಾಕ್ಟರಲ್ಲದವರು ಹೃದಯದ ಸಂಸ್ಥೆಯಲ್ಲಿ ಇರಲೇಬಾರದು ಎಂದು ವಾದ ಮಾಡುವವನಲ್ಲ ನಾನು. ಅಮೆರಿಕದ ಹಾರ್ಟ್ ಅಸೋಸಿಯೇಷನನ್ನೇ ನೋಡಿ. 1924ರಲ್ಲಿ ಆರು ಮಂದಿ ಹೃದಯ ತಜ್ಞರು ಸೇರಿ ಕಟ್ಟಿದ್ದು. ಹೆಚ್ಚುಕಡಿಮೆ ಕಾಲು ಶತಮಾನ ಡಾಕ್ಟರುಗಳದ್ದೇ ಕೂಟ ಆಗಿತ್ತು. ಅವರೊಳಗೇ ಓದು, ಅವರೊಳಗೇ ಚರ್ಚೆ. 1948ರಲ್ಲಿ ಬಾಗಿಲು ತೆರೆದು ವ್ಯಾಪಾರ ಗೊತ್ತಿದ್ದವರು, ಪ್ರಚಾರ ಗೊತ್ತಿದ್ದವರು, ಹಣ ಎತ್ತಲು ಗೊತ್ತಿದ್ದವರನ್ನು ಒಳಗೆ ಕರೆದರು. ಅದೇ ವರ್ಷ ರೇಡಿಯೋದಲ್ಲಿ ಒಂದು ಸ್ಪರ್ಧೆ ನಡೆಯಿತು. ನಡೆದು ಹೋಗುವವನ ಹೆಜ್ಜೆ ಸದ್ದು ಕೇಳಿಸಿ ಇವನು ಯಾರು ಹೇಳಿ ಎನ್ನುವುದು. ಕೇಳಿದವರು ಉತ್ತರದ ಜೊತೆ ದೇಣಿಗೆ ಕಳಿಸಿದರು. 15 ಲಕ್ಷ ಡಾಲರಿಗೂ ಜಾಸ್ತಿ ಬಂತು. ಆ ಕಾರ್ಯಕ್ರಮದ ಪ್ರಾಯೋಜಕರು ಸೋಪಿನ ಜೊತೆಗೆ ಅಡುಗೆ ಕೊಬ್ಬನ್ನೂ ಮಾರುತ್ತಿದ್ದ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯವರು ಎಂಬುದು ನಮ್ಮ ಬೇಕರಿ ಧಣಿಗೆ ಗೊತ್ತಾದರೆ ಕಾಲರ್ ಮೇಲೆತ್ತಿಕೊಂಡಾರು. ಆದರೆ ಅಲ್ಲಿ ರೇಡಿಯೋದವರು ರೇಡಿಯೋ ಕೆಲಸ ಮಾಡಿದರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಉಪದೇಶ ಮಾಡಲಿಲ್ಲ. ನಮ್ಮವರು ವೃತ್ತಿಯನ್ನು ಆಮಂತ್ರಣದಲ್ಲಿ ಅಚ್ಚು ಹಾಕಿಸಿ ಮನೆಯಲ್ಲಿ ಬಿಟ್ಟು ಬರುತ್ತಾರೆ.

ಆ ದಿನ ಸಭಾಂಗಣದ ಬಾಗಿಲಲ್ಲಿ ಒಬ್ಬ ಚೆಂಡೆಯವ ನಿಂತಿದ್ದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ ಇದು, ಚೆಂಡೆಯವರಿಗೆ ಇಲ್ಲಿ ಬರಗಾಲವಿಲ್ಲ. ಅತಿಥಿಗಳು ಕಾರಿಂದ ಇಳಿದಾಗಲೆಲ್ಲ ಬಾರಿಸುವುದು ಅವನ ಕೆಲಸ. ಒಳಗೆ ಯಾರೋ ಕುಸಿದು ಬಿದ್ದವರ ಎದೆ ಒತ್ತುವ ಸಿಪಿಆರ್ ಬಗ್ಗೆ ಹೇಳುತ್ತಿದ್ದರು. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ದೊಡ್ಡವರಿಗಾದರೆ 5 ಸೆಂಟಿಮೀಟರ್ ಆದರೂ ಇಳಿಯಬೇಕು. ಹೃದಯ ನಿಂತ ನಾಲ್ಕೈದು ನಿಮಿಷದಲ್ಲೇ ಮೆದುಳು ಕೆಡಲು ಶುರುವಾಗುತ್ತದೆ. ಸಭೆಯಲ್ಲಿದ್ದವರಿಗೆ 110 ಎಂದರೆ ಎಷ್ಟು ವೇಗ ಎಂದು ಅಂದಾಜು ಸಿಗಲಿಲ್ಲ. ಹೇಳಿದವರಿಗೂ ಸಿಗಲಿಲ್ಲ. ಸಿಗುತ್ತಿದ್ದದ್ದು ಬಾಗಿಲಲ್ಲಿ ನಿಂತಿದ್ದ ಒಬ್ಬನಿಗೆ. ಅವನನ್ನು ಒಳಗೆ ಕರೆದು ನಾಲ್ಕು ನಿಮಿಷ ಬಾರಿಸು ಎಂದರೆ ಅಲ್ಲಿದ್ದ ಎಲ್ಲರ ಕೈಗೂ ಆ ಲಯ ಜೀವಮಾನವಿಡೀ ಉಳಿಯುತ್ತಿತ್ತು. ಆದರೆ ಅಷ್ಟರಲ್ಲಿ ಎಂಎಲ್‌ಎ ಕಾರು ಬಂತು.

ಇನ್ನು ಆಶಾ ಕಾರ್ಯಕರ್ತೆಯರು. ಮನೆಮನೆಗೆ ಹೋಗಿ, ಮೂವತ್ತು ದಾಟಿದವರ ಬಿಪಿ, ಶುಗರ್, ಬೀಡಿ-ಸಿಗರೇಟು ಎಲ್ಲವನ್ನೂ ಕೇಳಿ ಕೇರಳ ಆರೋಗ್ಯ ಇಲಾಖೆಯ 'ಶೈಲಿ' ಆ್ಯಪಿಗೆ ಹಾಕುವವರು ಅವರೇ. ನಮ್ಮ ವಾರ್ಡಿನಲ್ಲಿ ಯಾರು ಬಿಪಿ ಮಾತ್ರೆ ಬಿಟ್ಟಿದ್ದಾರೆ, ಯಾರು ಹೆಂಡತಿಗೆ ಸುಳ್ಳು ಹೇಳಿ ಸೇದುತ್ತಿದ್ದಾರೆ ಎಂದು ಅವರಿಗೆ ಗೊತ್ತು. ಗೌರವಧನವನ್ನು 7000ದಿಂದ 21000 ಮಾಡಿ ಎಂದು 2025ರಲ್ಲಿ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ತಿಂಗಳುಗಟ್ಟಲೆ ಕೂತದ್ದು ಇದೇ ಆಶಾ ಕಾರ್ಯಕರ್ತೆಯರು. ಹೃದಯ ದಿನದಂದು ನಮ್ಮ ವಾರ್ಡಿನ ಆಶಾ ಅಕ್ಕನಿಗೆ ಕೊಟ್ಟ ಕೆಲಸ ಕುರ್ಚಿ ತುಂಬಿಸುವುದು. "ಜನ ಕಮ್ಮಿ ಆಗಬಾರದು, ನಿಮ್ಮ ಲಿಸ್ಟಿನವರನ್ನೆಲ್ಲ ಕರ್ಕೊಂಡು ಬನ್ನಿ ಅಕ್ಕ" ಎಂದಿದ್ದರಂತೆ. ಬಿಪಿ ಇದ್ದವರನ್ನೆಲ್ಲ ಕರೆತಂದು ಸಾಲಾಗಿ ಕೂರಿಸಿ ಮಿಕ್ಸ್ಚರ್ ಕೊಟ್ಟರು.

ಮೊನ್ನೆ ಮಹಾಸಭೆ ಆಯಿತು. ದನದ ಡಾಕ್ಟರು ಎದ್ದು ನಿಂತು, ಆಶಾ ಅಕ್ಕನನ್ನೂ 108ರ ಡ್ರೈವರನ್ನೂ ಸಮಿತಿಗೆ ತೆಗೆದುಕೊಳ್ಳೋಣ ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಒಳ್ಳೆಯ ಮಾತು ಡಾಕ್ಟ್ರೇ. ಆದರೆ ಅವರ ಪರಿಚಯದಲ್ಲಿ ಏನು ಬರೆಯುವುದು?" ಎಂದರು ಫ್ಲೆಕ್ಸಿನವರು.

"ಡ್ರೈವರನಿಗೆ ಮೀಟಿಂಗ್ ನಡುವೆ ಫೋನ್ ಬಂದರೆ ಎದ್ದು ಓಡುತ್ತಾನೆ. ಕೋರಂ ಹೋಗುತ್ತದೆ" ಎಂದರು ಕಾರ್ಯದರ್ಶಿ.

ಕೊನೆಗೆ ಸರ್ವಾನುಮತದಿಂದ ನಿರ್ಣಯವಾಯಿತು. ಸಮಿತಿಗೆ ತೆಗೆದುಕೊಳ್ಳುವುದು ಬೇಡ, ಮುಂದಿನ ಸೆಪ್ಟೆಂಬರ್ 29ಕ್ಕೆ ಇಬ್ಬರಿಗೂ ಶಾಲು ಹೊದಿಸಿ ಸನ್ಮಾನ ಮಾಡುವುದು. ಆ್ಯಂಬುಲೆನ್ಸನ್ನೂ ತರಿಸಿ ಇಡೀ ದಿನ ಅಲ್ಲೇ ನಿಲ್ಲಿಸಿಕೊಳ್ಳುವುದು, ಕಾರ್ಯಕ್ರಮಕ್ಕೆ ಒಂದು ಗತ್ತು ಇರುತ್ತದೆ. ನಿಲ್ಲಿಸುವುದು ಮಾತ್ರ ಸಭಾಂಗಣದ ಹಿಂದೆ. ಮುಂದೆ ನಿಲ್ಲಿಸಿದರೆ ಫ್ಲೆಕ್ಸಿನಲ್ಲಿ ಅಧ್ಯಕ್ಷರ ಮುಖ ಮರೆಯಾಗುತ್ತದಂತೆ.